ಕೊಯ್ನಾ ಭೂಕಂಪ: ಕಾರಣದ ಬಗೆಗಿನ ವಾದಗಳು

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕೊಯ್ನಾನಗರದಲ್ಲಿ 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪರಿಮಾಣದ ಭೂಕಂಪ ಸಂಭವಿಸಿತು. ಸುಮಾರು 180 ಮಂದಿ ಸತ್ತರು. 103 ಮೀಟರ್ ಎತ್ತರದ ಕೊಯ್ನಾ ಅಣೆಕಟ್ಟಿನ ಮೈಮೇಲೆ ಅಡ್ಡ ಬಿರುಕುಗಳು ಮೂಡಿದವು. ಗಟ್ಟಿ ನೆಲವೆಂದೇ ಹೆಸರಾದ ದಖ್ಖನ್ನಿನಲ್ಲಿ ಇದೇಕೆ ಆಯಿತು ಎಂಬುದರ ಬಗ್ಗೆ ಭೂವಿಜ್ಞಾನಿಗಳಲ್ಲಿ ಎರಡು ಪಕ್ಷಗಳಾದವು.

ಒಂದು ಪಕ್ಷ ಬೊಟ್ಟು ಮಾಡಿದ್ದು ಭೂಫಲಕದ ಕಡೆಗೆ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯಕ್ಕೆ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಆ ಒತ್ತಡ ಫಲಕದ ಒಳಭಾಗಕ್ಕೂ ಹಬ್ಬಿ ಹಳೆಯ ಸ್ತರಭಂಗಗಳಲ್ಲಿ ಕೂಡಿಕೊಳ್ಳುತ್ತದೆ, ಬಂಡೆ ತಾಳಲಾರದಾದಾಗ ಜಾರುತ್ತದೆ. ಅಣೆಕಟ್ಟಿನ ಹಿಂದೆ ನಿಂತ 100 ಮೀಟರ್ ನೀರಿನ ಭಾರ ಸುಮಾರು 10 ವಾಯುಭಾರದಷ್ಟು, 5 ಕಿ.ಮೀ. ಆಳದಲ್ಲಿ ಬಂಡೆಯದೇ ಭಾರ ಸಾವಿರ ವಾಯುಭಾರವನ್ನು ಮೀರುತ್ತದೆ. ಇಷ್ಟು ಅಲ್ಪ ಹೊರೆಗೆ ನೆಲ ನಡುಗೀತೇ ಎಂಬುದು ಇವರ ಪ್ರಶ್ನೆ.

ಇನ್ನೊಂದು ಪಕ್ಷ ಬೊಟ್ಟು ಮಾಡಿದ್ದು ಜಲಾಶಯದ ನೀರಿನ ಕಡೆಗೆ. ಅದರ ಬಲವಿರುವುದು ಕಾಲಾನುಕ್ರಮದಲ್ಲಿ. 1962ರ ಸುಮಾರಿಗೆ ಜಲಾಶಯ ತುಂಬತೊಡಗಿದ ಬೆನ್ನಲ್ಲೇ ಸಣ್ಣ ಕಂಪನಗಳು ಶುರುವಾದವು. ಮಳೆಗಾಲದಲ್ಲಿ ನೀರೇರಿದ ಮೇಲೆ ಅವು ಹೆಚ್ಚುವ ಪರಿಪಾಠ ಈಗಲೂ ಕಾಣುತ್ತದೆ. ನೀರು ಎಷ್ಟು ಬೇಗ ಏರಿತು, ಎಷ್ಟು ದಿನ ನಿಂತಿತು ಎಂಬುದೂ ಮುಖ್ಯವೆಂದು ಭೂಕಂಪ ವಿಜ್ಞಾನಿ ಹರ್ಷ ಗುಪ್ತ ಮತ್ತು ಸಂಗಡಿಗರು ತೋರಿಸಿದರು. 1985ರಲ್ಲಿ ದಕ್ಷಿಣಕ್ಕಿರುವ ವಾರಣಾ ಜಲಾಶಯ ತುಂಬತೊಡಗಿತು. 1993ರ ಹೊತ್ತಿಗೆ ಕಂಪನಗಳು ಅತ್ತ ಸರಿದವು. ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಕಷ್ಟ.

ಭಾರದ ಲೆಕ್ಕಕ್ಕೆ ಉತ್ತರ ಸಿಕ್ಕಿದ್ದು ಬಂಡೆಯ ಬಿರುಕುಗಳಲ್ಲಿರುವ ನೀರಿನ ಒತ್ತಡದಿಂದ. ಆ ಒತ್ತಡ ಏರಿದರೆ ಸ್ತರಭಂಗದ ಎರಡೂ ಮೈಗಳನ್ನು ಬಿಗಿಹಿಡಿದ ಘರ್ಷಣೆ ಸಡಿಲಾಗುತ್ತದೆ. ಭೂವಿಜ್ಞಾನಿಗಳಾದ ಹಬರ್ಟ್ ಮತ್ತು ರೂಬಿ 1959ರಲ್ಲಿ ಈ ತತ್ತ್ವವನ್ನು ವಿವರಿಸಿದ್ದರು. 1960ರ ದಶಕದಲ್ಲಿ ಅಮೆರಿಕದ ಡೆನ್ವರ್ ಬಳಿ ಆಳದ ಬಾವಿಗೆ ತ್ಯಾಜ್ಯ ದ್ರವ ತುಂಬಿದಾಗ ಭೂಮಿ ಕಂಪಿಸಿ ಇದಕ್ಕೆ ಪುರಾವೆ ಒದಗಿತು.

ಹಾಗೆ ನೋಡಿದರೆ ಎರಡೂ ವಾದಗಳು ಪರಸ್ಪರ ವಿರೋಧಿಗಳಲ್ಲ. ಶಕ್ತಿ ಫಲಕದ್ದು, ಜಾರುವ ಗಳಿಗೆಯನ್ನು ಹತ್ತಿರ ತಂದದ್ದು ನೀರು. ಆದರೆ ನೀರಿದ್ದಲ್ಲೆಲ್ಲ ಹೀಗಾಗುವುದಿಲ್ಲ. ಅದೇ ಪಶ್ಚಿಮ ಘಟ್ಟದ ಲಿಂಗನಮಕ್ಕಿ ಕೊಯ್ನಾಕ್ಕಿಂತ ದೊಡ್ಡ ಜಲಾಶಯವಾದರೂ ಅಂಥ ವಿನಾಶಕ ಭೂಕಂಪವನ್ನು ಕಂಡಿಲ್ಲ. ಕೆಳಗೆ ಆಗಲೇ ಜಾರಲು ಹವಣಿಸುತ್ತಿರುವ ಸ್ತರಭಂಗವೊಂದು ಇರಬೇಕು.

ಇದನ್ನು ಪರೀಕ್ಷಿಸಲೆಂದು ಕೊಯ್ನಾ ಪ್ರದೇಶದಲ್ಲಿ 3 ಕಿ.ಮೀ. ಆಳದ ಬಾವಿ ಕೊರೆಯಲಾಗಿದೆ. ಸುಮಾರು 1.2 ಕಿ.ಮೀ. ದಪ್ಪದ ಬಸಾಲ್ಟ್ ದಾಟಿದ ಮೇಲೆ ಸಿಕ್ಕಿದ ಗ್ರಾನೈಟ್ ಜಾತಿಯ ಪ್ರಾಚೀನ ಬಂಡೆಯಲ್ಲೂ ನೀರಿದೆ. ಅದರಲ್ಲಿ ಮಳೆನೀರಿನ ಕುರುಹೂ ಇದೆ. ಕಂಪನಗಳ ನಾಭಿಗಳು ಬಹುಪಾಲು ಇನ್ನೂ ಕೆಳಗಿವೆ.