ಕಪಾಟಿನ ಕೀಲಿ ಮತ್ತು ಖಾಲಿ ಕಲಂ: ಚಿಕ್ಕೋಡಿ ಸೀಮೆಯ ಮಕ್ಕಳ ವಸತಿಗೃಹಗಳ ದಾಖಲೆ ಕುರಿತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮಗುವೊಂದು ಬಾಲಮಂದಿರಕ್ಕೋ ಸಂಸ್ಥೆಯೊಂದರ ವಸತಿಗೃಹಕ್ಕೋ ಸೇರುವಾಗ ದಾಖಲಾತಿ ವಹಿಯ ಎರಡು ಕಲಂಗಳಲ್ಲಿ ಬರೆಯುವವರ ಕೈ ತಡೆಯುತ್ತದೆ: ತಂದೆಯ ಹೆಸರು, ಕಾಯಿಲೆಯ ಹೆಸರು. ಇದು ಕೊಕಟನೂರು ಎಲ್ಲಮ್ಮನಿಗೆ ನಡೆದುಕೊಳ್ಳುವ ನಾಡು; 1982ರ ನಿಷೇಧ ಕಾಯ್ದೆಯ ನಂತರವೂ ಮುತ್ತು ಕಟ್ಟಿ ದೇವದಾಸಿಯಾಗಿಸುವ ಪದ್ಧತಿಯ ನೆರಳು ಪೂರ್ತಿ ಸರಿದಿಲ್ಲ. ಎಚ್‌ಐವಿಯೂ ಇಲ್ಲಿ ಬಹಳ ಮನೆಗಳನ್ನು ತಟ್ಟಿತು. ಮಗುವಿನ ಮೇಲಿನ ಮಮತೆಯಿಂದಲೇ ಈ ಎರಡು ಕಲಂಗಳಲ್ಲಿ ಸುಳ್ಳು ಸೇರುತ್ತದೆ. ಗೌಪ್ಯವನ್ನು ಕಾಯಬೇಕಾದದ್ದು ಕಪಾಟಿನ ಕೀಲಿ. ಆ ಕೆಲಸವನ್ನು ಪೆನ್ನಿಗೆ ವಹಿಸಿದಾಗ ಕೇಡು ಮಗುವಿಗೇ ತಟ್ಟುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ತಂದೆಯ ಹೆಸರಿನ ಜಾಗದಲ್ಲಿ ಅಜ್ಜನ ಅಥವಾ ಸೋದರಮಾವನ ಹೆಸರು ತುಂಬುವುದು ದೇವದಾಸಿ ತಾಯಂದಿರ ಮಕ್ಕಳ ವಿಷಯದಲ್ಲಿ ಹಳೆಯ ರೂಢಿ. ಖಾಲಿ ಕಲಂ ತಪಾಸಣೆಯವರ ಕಣ್ಣಿಗೆ ಬೀಳುತ್ತದೆ, ಸುಳ್ಳು ತುಂಬಿದ ಕಲಂ ಬೀಳುವುದಿಲ್ಲ. ಅವಿವಾಹಿತ ತಾಯಿ ಪೋಷಕತ್ವ ಕೋರುವಾಗ ತಂದೆಯ ಹೆಸರು ಹೇಳಲೇಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2015ರ ಜುಲೈನಲ್ಲೇ ಹೇಳಿತು. ಅಂಥ ಕಲಂ ಖಾಲಿ ಇದ್ದರೆ ಅದೇ ಸರಿಯಾದ ದಾಖಲೆ.

ಹಾಗೆಂದು ತಾಯಿಯ ಹಿನ್ನೆಲೆಯನ್ನೇ ಕಡತದಿಂದ ಅಳಿಸಿದರೆ ಮರ್ಯಾದೆ ಉಳಿಯಬಹುದು, ಹಕ್ಕು ಉಳಿಯುವುದಿಲ್ಲ. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದ ಒಟ್ಟು 46,660 ದೇವದಾಸಿ ಮಹಿಳೆಯರ ಹೆಸರು ಬಂದವು. ಸರ್ಕಾರದ ನೆರವೂ ಆ ಪಟ್ಟಿಗೇ ಕಟ್ಟುಬಿತ್ತು. ಅಂದು ಅಂಜಿಯೋ ನಾಚಿಯೋ ಹೆಸರು ಕೊಡದವರು ವರ್ಷಗಟ್ಟಲೆ ಹೊರಗೇ ಉಳಿದರು. ಲೈಂಗಿಕ ವೃತ್ತಿಯ ಮಹಿಳೆಯರ ಸಂಘಟನೆ ವ್ಯಾಂಪ್ ನಿಪ್ಪಾಣಿಯಲ್ಲಿ ಇಂಥ ತಾಯಂದಿರ ಮಕ್ಕಳಿಗಾಗಿ ನಡೆಸಿದ ‘ಮಿತ್ರಾ’ ವಸತಿಗೃಹ ಇಲ್ಲಿ ಗಮನಾರ್ಹ. ನಡೆಸುವವರೇ ತಾಯಂದಿರ ಬಳಗದವರಾದಾಗ ಒಳಗಿನವರಿಂದ ಮುಚ್ಚಿಡುವ ಪ್ರಶ್ನೆ ಬಹಳಷ್ಟು ಕರಗುತ್ತದೆ. ಗೋಡೆ ಬೇಕಾಗುವುದು ಹೊರಗಿನವರಿಗೆ.

ಕಾಯಿಲೆಯ ಕಲಂ ಇನ್ನೂ ಸೂಕ್ಷ್ಮ. ಮಗುವಿನ ಎಚ್‌ಐವಿ ಗುಳಿಗೆಯನ್ನು ಔಷಧ ವಹಿಯಲ್ಲಿ ‘ಶಕ್ತಿ ಗುಳಿಗಿ’ ಎಂದು ಬರೆದಿದ್ದಾರೆ ಎನ್ನೋಣ. ಮೇಲ್ವಿಚಾರಕಿ ಬದಲಾಗುತ್ತಾರೆ, ಮಗುವಿಗೆ ಕ್ಷಯ ತಗಲುತ್ತದೆ. ಕ್ಷಯಕ್ಕೆ ರಿಫಾಂಪಿಸಿನ್ ಕೊಡುವಾಗ ಎಚ್‌ಐವಿ ಔಷಧ ಡೊಲುಟೆಗ್ರಾವಿರ್‌ನ ಪ್ರಮಾಣ ಹೆಚ್ಚಿಸಬೇಕು. ಮಗು ಎಆರ್‌ಟಿಯಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆಯಲ್ಲಿ, ಇದೆ ಎಂದೇ ತಿಳಿಯದ ವೈದ್ಯರು ಅದನ್ನು ಹೇಗೆ ಮಾಡಿಯಾರು? 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಇಂಥ ಮಾಹಿತಿಯನ್ನು ಬರೆಯಬೇಡಿ ಎನ್ನುವುದಿಲ್ಲ, ಬರೆದಿಟ್ಟವರು ಅದನ್ನು ಕಾಯಬೇಕು ಎನ್ನುತ್ತದೆ. ಅದರ 11ನೇ ಕಲಮಿನ ಹೊಣೆ ಪುಕ್ಕಟೆ ಸೇವೆ ನೀಡುವ ಸಂಸ್ಥೆಗಳಿಗೂ ಇದೆ.

ಗಡಿಯ ತೊಡಕು ಬೇರೆ. ಕಾಗವಾಡ, ಅಥಣಿ ಕಡೆಯ ಬಹುಮಂದಿಗೆ ದೊಡ್ಡ ದವಾಖಾನೆ ಎಂದರೆ ಗಡಿಯಾಚೆಯ ಮಿರಜ. ಬೆಳಗಾವಿಗಿಂತ ಹತ್ತಿರ, ಗುರುತಿನವರೂ ಕಡಿಮೆ. ಚಿಕಿತ್ಸೆ ದಾಖಲಿಸುವ ಎಆರ್‌ಟಿ ಕೇಂದ್ರದ ಬಿಳಿ ಕಾರ್ಡು ಅಲ್ಲೇ ಉಳಿಯುತ್ತದೆ, ಹಸಿರು ಪುಸ್ತಕ ಮಗುವಿನ ಜೊತೆ ಬರುತ್ತದೆ. ಅಲ್ಲಿ ಬರೆದ ಹೆಸರಿಗೂ ಇಲ್ಲಿನ ವಹಿಯ ಹೆಸರಿಗೂ ಒಂದಕ್ಷರ ಹೆಚ್ಚುಕಡಿಮೆ. ಸಾಲದ್ದಕ್ಕೆ ನಿಪ್ಪಾಣಿ, ಕಾಗವಾಡ ತಾಲ್ಲೂಕುಗಳಾದದ್ದು 2018ರಲ್ಲಿ. ಹಳೆಯ ಕಾಗದಗಳಲ್ಲಿ ಅದೇ ಮನೆ ಚಿಕ್ಕೋಡಿ ಅಥವಾ ಅಥಣಿ ತಾಲ್ಲೂಕಿನದು.

ಸಂಕೇತ ಸಂಖ್ಯೆ ಕೊಟ್ಟರೆ ಮುಗಿಯಿತು ಎನ್ನುವವರಿದ್ದಾರೆ. ಸೋಂಕಿರುವ ಮಕ್ಕಳಿಗಷ್ಟೇ ಸಂಖ್ಯೆ ಕೊಟ್ಟರೆ ಅದೇ ಹಣೆಪಟ್ಟಿ. ಕೊಟ್ಟರೆ ಎಲ್ಲ ಮಕ್ಕಳಿಗೂ ಕೊಡಬೇಕು. ಹೆಸರು–ಸಂಖ್ಯೆ ಜೋಡಿಸುವ ಪಟ್ಟಿ ಅಧೀಕ್ಷಕರ ಬಳಿ ಮಾತ್ರ ಇರಬೇಕು. ಎಷ್ಟು ಬಿಗಿ ಮಾಡಿದರೂ ಅಡುಗೆಮನೆ ಗೋಡೆಯ ಮೇಲೆ ‘ಹೆಚ್ಚುವರಿ ಮೊಟ್ಟೆ’ ಎಂದು ಸೋಂಕಿರುವ ನಾಲ್ಕು ಮಕ್ಕಳ ಹೆಸರು ಅಂಟಿಸಿದ್ದರೆ ಕಪಾಟಿನ ಬೀಗಕ್ಕೆ ಅರ್ಥವೇನು? ದಾನಿಗಳು ಹುಟ್ಟುಹಬ್ಬಕ್ಕೆ ಬಂದು ತೆಗೆದುಕೊಂಡು ಹೋಗುವ ಫೋಟೊಗಳೂ ಅಷ್ಟೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇಂಥ ಮಕ್ಕಳ ಗುರುತು ಪ್ರಕಟಿಸುವುದನ್ನು ತಡೆಯುತ್ತದೆ, ಆದರೆ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಅದನ್ನು ನೆನೆಯುವವರು ಕಡಿಮೆ.

ಹದಿನೆಂಟು ತುಂಬಿ ಹುಡುಗಿಯೊಬ್ಬಳು ಗೃಹದಿಂದ ಹೊರಡುವ ದಿನ ಕಡತ ಯಾರದು? ಹಸಿರು ಪುಸ್ತಕ ಆಕೆಯ ಕೈಗೆ ಹೋಗಬೇಕು. ಚಿಕಿತ್ಸೆಯ ನಕಲು ಪುಟಗಳು ಗೃಹದಲ್ಲಿ ಉಳಿಯಲು, ನಿಯಮ ಕೇಳುವ ಅವಧಿ ಮುಗಿದ ಮೇಲೆ, ನನಗೆ ಕಾರಣ ಕಾಣುವುದಿಲ್ಲ. ತಾಯಿಯ ಹೆಸರು, ಊರು, ಸೇರಿದ ತಾರೀಖು ಮಾತ್ರ ಉಳಿಯಬೇಕು. ಹತ್ತು ವರ್ಷದ ಮೇಲೆ ಜಾತಿ ಪ್ರಮಾಣಪತ್ರಕ್ಕೋ ತಾಯಿಯ ಮಾಸಾಶನಕ್ಕೋ ಆಕೆ ಹುಡುಕಿಕೊಂಡು ಬಂದಾಳು.