ಅಂತರ್ಜಾಲದಲ್ಲಿ ಬಟ್ಟೆ ಮತ್ತು ಪಾದರಕ್ಷೆ ಖರೀದಿ: ತಯಾರಕರ ಗುಣಮಟ್ಟವನ್ನು ಅರಿಯುವ ಬಗೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರಾಸು ಕೊಳ್ಳುವವರು ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಸಾಕಿದವರ ಊರು ಕೇಳಿದ ನಂತರವೇ ಬೆಲೆ ಮಾತನಾಡುತ್ತಾರೆ. ಅಂತರ್ಜಾಲದಲ್ಲಿ ಬಟ್ಟೆ, ಚಪ್ಪಲಿ ಅಥವಾ ಬೂಟು ಕೊಳ್ಳುವವರಿಗೆ ಈ ಅವಕಾಶವಿರುವುದಿಲ್ಲ. ಅವರಿಗೆ ಕಾಣುವುದು ಒಂದು ಛಾಯಾಚಿತ್ರ, ಒಂದು ಬೆಲೆ ಮತ್ತು ಒಂದು ಹೆಸರು. ಆ ಹೆಸರು ಬಹಳಷ್ಟು ಸಂದರ್ಭಗಳಲ್ಲಿ ಮಾರುವವರದಾಗಿರುತ್ತದೆಯೇ ಹೊರತು ತಯಾರಿಸಿದವರದಲ್ಲ. ಸಾಕಿದವರ ಊರನ್ನು ಕೇಳುವ ಹಕ್ಕು ಮಾತ್ರ ಇಲ್ಲಿಯೂ ಗ್ರಾಹಕರಿಗಿದೆ. ಅದನ್ನು ಬಳಸುವ ಬಗೆಯನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ತಯಾರಕರು ಯಾರು?

2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ ಪ್ರಕಾರ, ಪೊಟ್ಟಣದಲ್ಲಿ ಮಾರುವ ವಸ್ತುವಿನ ತಯಾರಕರು, ಪೊಟ್ಟಣ ಕಟ್ಟಿದವರು ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಗರಿಷ್ಠ ಮಾರಾಟ ಬೆಲೆ, ಆಮದು ವಸ್ತುವಾದಲ್ಲಿ ಮೂಲ ದೇಶ ಇವುಗಳನ್ನು ನಮೂದಿಸತಕ್ಕದ್ದು. 2018ರ ಜನವರಿ 1ರಿಂದ ಈ ವಿವರಗಳನ್ನು ಅಂತರ್ಜಾಲ ಮಾರಾಟದ ಪುಟದಲ್ಲಿಯೂ ತೋರಿಸುವುದು ಕಡ್ಡಾಯವಾಗಿದೆ. ಸಾಮಾನ್ಯವಾಗಿ ಇವು ಪುಟದ ಕೆಳಭಾಗದಲ್ಲಿ, ಬಿಡಿಸಿ ನೋಡಬೇಕಾದ ಜಾಗದಲ್ಲಿರುತ್ತವೆ. ವಿಳಾಸವಿಲ್ಲದೆ ಬರೀ ಹೆಸರಿದ್ದರೆ ಅಥವಾ ಹೆಸರಿನ ಜಾಗದಲ್ಲಿ ಮಾರಾಟದ ಹೆಸರನ್ನೇ ಮತ್ತೆ ಬರೆದಿದ್ದರೆ ಅಂತಹ ವಸ್ತುವನ್ನು ಬಿಟ್ಟು ಮುಂದೆ ಹೋಗುವುದು ಲೇಸು.

ಮಾರಾಟಗಾರರ ಜಿ.ಎಸ್.ಟಿ. ಸಂಖ್ಯೆ ದೊರೆತಲ್ಲಿ ಅದನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಣಿಯಾದ ಹೆಸರು, ದಿನಾಂಕ ಮತ್ತು ವ್ಯವಹಾರದ ಸ್ವರೂಪ ಅಲ್ಲಿ ಕಾಣುತ್ತವೆ. “ಮಗ್ಗದಿಂದ ನೇರವಾಗಿ ಮನೆಗೆ” ಎಂದು ಹೇಳಿಕೊಳ್ಳುವವರ ನೋಂದಣಿಯಲ್ಲಿ ತಯಾರಿಕೆಯ ಉಲ್ಲೇಖವೇ ಇಲ್ಲದೆ ಚಿಲ್ಲರೆ ಮಾರಾಟ ಮಾತ್ರವಿದ್ದರೆ ಅದು ಗಮನಿಸಬೇಕಾದ ಸಂಗತಿ. ಸಂಖ್ಯೆಯ ಮೊದಲ ಎರಡು ಅಂಕಿಗಳು ರಾಜ್ಯವನ್ನು ಸೂಚಿಸುತ್ತವೆ, ಕರ್ನಾಟಕಕ್ಕೆ 29. ಆದರೆ ಚಿಕ್ಕ ನೇಕಾರರು ಮತ್ತು ವ್ಯಾಪಾರಿಗಳೆಲ್ಲರಿಗೂ ಈ ನೋಂದಣಿ ಇರಬೇಕೆಂದಿಲ್ಲ. ಸಂಖ್ಯೆ ಇಲ್ಲವೆಂಬ ಒಂದೇ ಕಾರಣಕ್ಕೆ ಅವರನ್ನು ಅನುಮಾನಿಸಲಾಗದು.

ಸೀರೆಗಳ ವಿಚಾರ

ದೊಡ್ಡಬಳ್ಳಾಪುರ ವಿದ್ಯುತ್ ಮಗ್ಗಗಳ ಊರು. ಇಲ್ಲಿ ಶುದ್ಧ ರೇಷ್ಮೆಯ ಸೀರೆಗಳೂ ಕೃತಕ ರೇಷ್ಮೆಯ ಸೀರೆಗಳೂ ತಯಾರಾಗುತ್ತವೆ. ಎರಡೂ ತಮ್ಮ ತಮ್ಮ ಬೆಲೆಗೆ ಪ್ರಾಮಾಣಿಕವಾದ ಸರಕುಗಳೇ. ವಿದ್ಯುತ್ ಮಗ್ಗದ ಕೃತಕ ರೇಷ್ಮೆ ಸೀರೆಗೆ “ಕೈಮಗ್ಗದ ಶುದ್ಧ ರೇಷ್ಮೆ” ಎಂಬ ಹೆಸರು ಸೇರಿಸಿ ಹಲವು ಪಟ್ಟು ಬೆಲೆಗೆ ಮಾರಿದಾಗ ತೊಂದರೆ ಉಂಟಾಗುತ್ತದೆ. ಧಾರೆ ಸೀರೆಗೆಂದು ಕೂಡಿಟ್ಟ ಹಣ ಹೋಗುವುದಲ್ಲದೆ, ನೇಯ್ದವರ ಹೆಸರು ಎಲ್ಲಿಯೂ ಕಾಣದೆ ಅವರ ಸರಕಿನ ಮೇಲಿನ ನಂಬಿಕೆಯೂ ಕೆಡುತ್ತದೆ.

ಪುಟದಲ್ಲಿನ ಪದಗಳನ್ನು ನಿಧಾನವಾಗಿ ಓದಬೇಕು. “ಆರ್ಟ್ ಸಿಲ್ಕ್” ಎಂಬಲ್ಲಿನ ಆರ್ಟ್ ಎಂದರೆ ಕಲೆಯಲ್ಲ, ಕೃತಕ ಎಂದರ್ಥ. “ಸೆಮಿ ಸಿಲ್ಕ್”, “ಸಿಲ್ಕ್ ಬ್ಲೆಂಡ್” ಎಂದಿದ್ದಲ್ಲಿ ಬೇರೆ ನೂಲು ಬೆರೆತಿದೆಯೆಂದು ತಿಳಿಯಬೇಕು. ಹೆಸರಿನಲ್ಲಿ ರೇಷ್ಮೆ ಇದ್ದು, ವಿವರದಲ್ಲಿ ಪಾಲಿಯೆಸ್ಟರ್ ಅಥವಾ ವಿಸ್ಕೋಸ್ ಎಂದಿದ್ದರೆ ವಿವರವನ್ನೇ ನಂಬತಕ್ಕದ್ದು.

ಗುರುತುಗಳ ವಿಷಯದಲ್ಲಿಯೂ ಗೊಂದಲವಿದೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಸಿಲ್ಕ್ ಮಾರ್ಕ್, ವಸ್ತ್ರವು ಶುದ್ಧ ನೈಸರ್ಗಿಕ ರೇಷ್ಮೆಯದೆಂದು ಹೇಳುತ್ತದೆ, ಕೈಮಗ್ಗದ್ದೆಂದು ಹೇಳುವುದಿಲ್ಲ. 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್, ವಸ್ತ್ರವನ್ನು ಕೈಮಗ್ಗದಲ್ಲಿ ನೇಯಲಾಗಿದೆಯೆಂದು ಹೇಳುತ್ತದೆ, ರೇಷ್ಮೆಯೆಂದು ಹೇಳುವುದಿಲ್ಲ. ಆದುದರಿಂದ ವಿದ್ಯುತ್ ಮಗ್ಗದ ಶುದ್ಧ ರೇಷ್ಮೆ ಸೀರೆಗೆ ಸಿಲ್ಕ್ ಮಾರ್ಕ್ ಇರುವುದು ಸರಿಯಾಗಿಯೇ ಇದೆ. ಕೈಮಗ್ಗದ ರೇಷ್ಮೆಯ ಬೆಲೆ ಕೇಳುವವರಲ್ಲಿ ಎರಡೂ ಗುರುತುಗಳನ್ನು ಕೇಳಬಹುದು. ಛಾಯಾಚಿತ್ರದಲ್ಲಿ ಕಾಣುವ ಲೇಬಲ್ ಪುರಾವೆಯಾಗುವುದಿಲ್ಲ; ಕೈಗೆ ಬಂದ ಸೀರೆಯ ಮೇಲೆಯೇ ಅದು ಇರಬೇಕು.

ಸಂಶಯ ಬಂದಲ್ಲಿ ಸೆರಗಿನ ಕುಚ್ಚಿನಿಂದ ಒಂದೆರಡು ಎಳೆ ತೆಗೆದು ಸುಟ್ಟು ನೋಡಬಹುದು. ರೇಷ್ಮೆ ಕೂದಲು ಸುಟ್ಟ ವಾಸನೆ ನೀಡಿ, ಬೆರಳಲ್ಲಿ ಪುಡಿಯಾಗುವ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದಂತೆ ಉರಿಯುತ್ತದೆ. ಕುಚ್ಚಿನಲ್ಲಿರುವುದು ಹಾಸಿನ ಎಳೆ ಮಾತ್ರ; ಹೊಕ್ಕಿನ ಎಳೆ ಬೇರೆಯಾಗಿರಬಹುದು. ಹಾಸು ರೇಷ್ಮೆ, ಹೊಕ್ಕು ಕೃತಕವಾಗಿರುವ ಸೀರೆಗಳು ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತವೆ. ಹೆಚ್ಚಿನ ಬೆಲೆಯ ಸೀರೆಯಾದಲ್ಲಿ ಸಿಲ್ಕ್ ಮಾರ್ಕ್ ಸಂಸ್ಥೆಯ ಮೂಲಕ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಸಿದ್ಧ ಉಡುಪುಗಳು

ಸಿದ್ಧ ಉಡುಪಿನ ಒಂದೇ ಕಾರ್ಖಾನೆ ಹಲವು ಬ್ರಾಂಡ್‌ಗಳಿಗೆ ಹೊಲಿದುಕೊಡುವುದುಂಟು. ಬಟ್ಟೆಯ ದಪ್ಪ, ಹೊಲಿಗೆಯ ಸಾಂದ್ರತೆ ಮತ್ತು ತಪಾಸಣೆಯನ್ನು ಆದೇಶ ಕೊಟ್ಟವರು ನಿಗದಿಪಡಿಸುವುದರಿಂದ “ದೊಡ್ಡ ಬ್ರಾಂಡಿನ ಕಾರ್ಖಾನೆಯ ಮಾಲು” ಎಂಬ ಮಾತಿಗೆ ಹೆಚ್ಚಿನ ಬೆಲೆಯಿಲ್ಲ. ನೂಲಿನ ಶೇಕಡಾ ಪ್ರಮಾಣ, ಒಗೆಯುವ ಸೂಚನೆ ಮತ್ತು ಸೆಂಟಿಮೀಟರ್‌ನಲ್ಲಿ ಅಳತೆ ಕೊಟ್ಟಿರುವವರು ತಮ್ಮ ಸರಕನ್ನು ಬಲ್ಲವರೆಂದು ಭಾವಿಸಬಹುದು.

ಪಾದರಕ್ಷೆಗಳು

2024ರ ಆಗಸ್ಟ್ 1ರಿಂದ ಹಲವು ಬಗೆಯ ಪಾದರಕ್ಷೆಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೆಲವು ವರ್ಗದ ಚಿಕ್ಕ ತಯಾರಕರಿಗೆ ವಿನಾಯಿತಿಯಿದೆ. ಗುರುತಿನೊಂದಿಗೆ ಸಿ.ಎಂ./ಎಲ್. ಎಂದು ಆರಂಭವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ಇದನ್ನು ಬಿ.ಐ.ಎಸ್. ಕೇರ್ ಎಂಬ ಮೊಬೈಲ್ ಆಪ್‌ನಲ್ಲಿ ನಮೂದಿಸಿದರೆ ತಯಾರಕರ ಹೆಸರು ಮತ್ತು ಪರವಾನಗಿಯ ಸ್ಥಿತಿ ತಿಳಿಯುತ್ತದೆ. ತಯಾರಕರನ್ನು ಗುರುತಿಸಲು ಇದಕ್ಕಿಂತ ಸುಲಭದ ದಾರಿ ಬಟ್ಟೆಗಳಲ್ಲಿ ಇಲ್ಲ.

ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಮಾರಾಟದ ಪುಟದಲ್ಲಿ ತೋರಿಸಬೇಕಾಗಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅದನ್ನು ನೋಡುವುದು ಅಗತ್ಯ. ಪಾಲಿಯುರೆಥೇನ್ ಅಟ್ಟೆಗಳು ತೊಡದೆ ಇಟ್ಟಿದ್ದರೂ ಗಾಳಿಯ ತೇವದಿಂದ ವರ್ಷಗಳು ಕಳೆದಂತೆ ಶಿಥಿಲವಾಗಿ, ಒಂದು ದಿನ ಪುಡಿಪುಡಿಯಾಗಿ ಉದುರುತ್ತವೆ. ಅತಿಯಾದ ರಿಯಾಯಿತಿಯಲ್ಲಿ ಬರುವ ಹಳೆಯ ದಾಸ್ತಾನಿನಲ್ಲಿ ಈ ಅಪಾಯ ಹೆಚ್ಚು.

ಇತರ ಗ್ರಾಹಕರ ಅಭಿಪ್ರಾಯ

ಮಾರಾಟಗಾರರು ಗ್ರಾಹಕರಂತೆ ನಟಿಸಿ ಅಭಿಪ್ರಾಯ ಬರೆಯುವುದನ್ನು 2020ರ ಗ್ರಾಹಕರ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ನಿಷೇಧಿಸಿವೆ. ಆದರೂ ಬಂದ ದಿನವೇ ಬರೆದ ಹೊಗಳಿಕೆಗಿಂತ, ನಾಲ್ಕಾರು ಬಾರಿ ಒಗೆದ ಅಥವಾ ಒಂದು ಮಳೆಗಾಲ ತೊಟ್ಟ ನಂತರ ಬರೆದ ಮಾತಿಗೆ ಬೆಲೆ ಕೊಡಬೇಕು. ಒಂದೇ ಪುಟದಲ್ಲಿ ಹಲವು ಮಾರಾಟಗಾರರಿರುವುದರಿಂದ, ಅಭಿಪ್ರಾಯ ಯಾರ ಸರಕಿನ ಬಗ್ಗೆ ಎಂಬುದನ್ನೂ ನೋಡತಕ್ಕದ್ದು.

ಪಾರ್ಸೆಲ್ ಬಂದ ನಂತರ

ತೆರೆಯುವಾಗ ಚಿತ್ರೀಕರಿಸುವುದು, ಮಾರಾಟದ ಪುಟದ ಪ್ರತಿ ತೆಗೆದಿಡುವುದು ಮತ್ತು ಲೇಬಲ್‌ಗಳನ್ನು ಕತ್ತರಿಸದಿರುವುದು ಸೂಕ್ತ. ದೋಷವುಳ್ಳ, ನಕಲಿ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಜಾಲತಾಣದ ಕುಂದುಕೊರತೆ ಅಧಿಕಾರಿಯು ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸತಕ್ಕದ್ದು.

ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ, ವ್ಯಾಜ್ಯದ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಮಾರಾಟಗಾರರು ಯಾವ ರಾಜ್ಯದಲ್ಲಿದ್ದರೂ, ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಸಲ್ಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಅರ್ಜಿ ಸಲ್ಲಿಸಬಹುದು. ಬಿಲ್ಲು, ಹಣ ಪಾವತಿಯ ದಾಖಲೆ, ಪುಟದ ಪ್ರತಿ ಮತ್ತು ಮಾರಾಟಗಾರರೊಂದಿಗಿನ ಪತ್ರವ್ಯವಹಾರವನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು.