ಟೆಲಿನೊವೆಲಾ

ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ 20ನೆಯ ಶತಮಾನದ ನಡುವಣ ದಶಕಗಳಲ್ಲಿ ರೂಪುಗೊಂಡು, ಅಲ್ಲಿಂದ ರಷ್ಯ, ಚೀನ, ಭಾರತಗಳವರೆಗೂ ಹಬ್ಬಿದ ಕಿರುತೆರೆ ಧಾರಾವಾಹಿಯ ಒಂದು ಪ್ರಕಾರ. ನೊವೆಲಾ ಎಂದರೆ ಕಾದಂಬರಿ. ಹೆಸರಿಗೆ ತಕ್ಕಂತೆ ಇದಕ್ಕೊಂದು ಮುಕ್ತಾಯವಿದ್ದು, ಕಥೆ ಹೆಚ್ಚಾಗಿ 100ರಿಂದ 200 ಕಂತುಗಳಲ್ಲಿ ಮುಗಿಯುತ್ತದೆ. ದಶಕಗಟ್ಟಲೆ ನಡೆಯುವ ಅಮೆರಿಕದ ಸೋಪ್ ಧಾರಾವಾಹಿಗಿಂತ ಇದು ಭಿನ್ನವಾಗುವುದು ಇಲ್ಲಿಯೇ. ಆದರೂ ಕೆಲವು ಕಥೆಗಳನ್ನು ಹಿಗ್ಗಿಸುವುದುಂಟು. ಕನ್ನಡದಲ್ಲಿ ಹನುಮಂತನ ಬಾಲವೆನ್ನುವಂತೆ ಸ್ಪ್ಯಾನಿಷಿನಲ್ಲಿ ಅಂಥವನ್ನು ದೊಡ್ಡ ಹಾವು ಎಂಬರ್ಥದ ‘ಕುಲೆಬ್ರೋನ್’ ಎಂಬ ಮಾತಿನಿಂದ ಛೇಡಿಸುತ್ತಾರೆ.

ಇದರ ಬೇರುಗಳು ಕ್ಯೂಬದಲ್ಲಿವೆ. ಹವಾನದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ, ಕೆಲಸಗಾರರು ತಮ್ಮ ಕೂಲಿಯಲ್ಲೇ ಒಂದಿಷ್ಟು ಕೂಡಿಸಿ ಒಬ್ಬ ಓದುಗನನ್ನು ನೇಮಿಸಿಕೊಳ್ಳುತ್ತಿದ್ದರು; ಅವನು ಎತ್ತರದ ಪೀಠದಲ್ಲಿ ಕುಳಿತು ಪತ್ರಿಕೆಯನ್ನೂ ಕಾದಂಬರಿಗಳನ್ನೂ ಗಟ್ಟಿಯಾಗಿ ಓದುತ್ತಿದ್ದರೆ, ಇವರು ಎಲೆ ಸುತ್ತುತ್ತ ಕೇಳುತ್ತಿದ್ದರು. ಕಂತುಕಂತಾಗಿ ಕಥೆ ಕೇಳುವ ಈ ಅಭ್ಯಾಸ ಮುಂದೆ ರೇಡಿಯೊ ನಾಟಕಗಳಿಗೆ ನೆಲ ಹದಮಾಡಿತು. ಫೆಲಿಕ್ಸ್ ಕೈನ್ಯೆಟ್ 1948ರಲ್ಲಿ ರೇಡಿಯೊಗೆ ಬರೆದ ‘ಎಲ್ ದೆರೆಚೊ ದೆ ನಸೆರ್’ (ಹುಟ್ಟುವ ಹಕ್ಕು) ಕೃತಿಯಲ್ಲಿ, ನಾಯಕನ ಜನ್ಮರಹಸ್ಯ ಬಲ್ಲ ತಾತ ಲಕ್ವ ಹೊಡೆದು ಮಾತು ಕಳೆದುಕೊಳ್ಳುತ್ತಾನೆ. ಅವನು ಬಾಯಿ ಬಿಡುವುದು ಯಾವಾಗ ಎಂಬ ಒಂದೇ ಪ್ರಶ್ನೆ ಕೇಳುಗರನ್ನು ಕಂತಿನಿಂದ ಕಂತಿಗೆ ಹಿಡಿದಿಟ್ಟಿತು. ಇಂಥ ಕಾರ್ಯಕ್ರಮಗಳಿಗೆ ಹಣ ಹಾಕಿದವು ಸಾಬೂನಿನ ಕಂಪನಿಗಳು. 1959ರ ಕ್ರಾಂತಿಯ ನಂತರ ಕ್ಯೂಬದ ಹಲವು ಬರಹಗಾರರು ದೇಶ ಬಿಟ್ಟು ತಮ್ಮ ಕಸುಬನ್ನು ಕರಾಕಸ್, ಮಯಾಮಿ ಮುಂತಾದ ನಗರಗಳಿಗೆ ಒಯ್ದುದು ಈ ಪ್ರಕಾರದ ಹರಡುವಿಕೆಗೆ ಒಂದು ಮುಖ್ಯ ಕಾರಣ. ವೆನೆಜುವೆಲದ ‘ಕ್ರಿಸ್ಟಾಲ್’, ‘ಕಸ್ಸಾಂದ್ರ’ಗಳ ಲೇಖಕಿ ದೆಲಿಯಾ ಫಿಯಾಯೊ ಅವರಲ್ಲೊಬ್ಬರು.

ಮೆಕ್ಸಿಕೊದಲ್ಲಿ ದಿನವಹಿ ಟೆಲಿನೊವೆಲಾ ಮೊದಲಾದದ್ದು 1958ರಲ್ಲಿ, ‘ಸೆಂದಾ ಪ್ರೊಯಿಬಿದಾ’ದಿಂದ. ಮುಂದೆ ತೆಲೆವಿಸಾ ಸಂಸ್ಥೆ ಇದನ್ನು ಕಾರ್ಖಾನೆಯ ಶಿಸ್ತಿಗೆ ತಂದಿತು. ನಟರ ಕಿವಿಯೊಳಗೆ ‘ಚೀಚರೊ’, ಅಂದರೆ ಬಟಾಣಿ, ಎಂದು ಕರೆಯುವ ಪುಟ್ಟ ಸಾಧನವಿಟ್ಟು, ಮರೆಯಲ್ಲಿ ಕುಳಿತವರು ಅದರ ಮೂಲಕ ಸಂಭಾಷಣೆ ಹೇಳಿಕೊಡುತ್ತಿದ್ದುದರಿಂದ ಮಾತು ಬಾಯಿಪಾಠ ಮಾಡುವ ಹೊತ್ತು ಉಳಿಯಿತು. ಕಂಪನಿ ನಾಟಕಗಳ ಪ್ರಾಂಪ್ಟರನೇ ಇಲ್ಲಿ ಪರದೆಯ ಪಕ್ಕದಿಂದ ಕಿವಿಯೊಳಕ್ಕೆ ಬಂದನೆನ್ನಬಹುದು. ತಯಾರಿಕೆಯ ಖರ್ಚು ಸ್ವದೇಶದ ಜಾಹೀರಾತಿನಲ್ಲೇ ಹುಟ್ಟುತ್ತಿದ್ದುದರಿಂದ, ಹೊರದೇಶಕ್ಕೆ ಕೊಳ್ಳುವವರ ಕೈಗೆಟಕುವ ಬೆಲೆಗೆ ಮಾರುವುದು ಸಾಧ್ಯವಾಯಿತು. ವೆರೋನಿಕಾ ಕಾಸ್ತ್ರೊ ನಟಿಸಿದ 1979ರ ‘ಲೊಸ್ ರಿಕೊಸ್ ತಂಬಿಯೆನ್ ಯೊರಾನ್’ (ಶ್ರೀಮಂತರೂ ಅಳುತ್ತಾರೆ) ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ 1991ರ ಕೊನೆಯಲ್ಲಿ ಮಾಸ್ಕೊದಿಂದ ಪ್ರಸಾರವಾಗತೊಡಗಿ, ಮರುವರ್ಷ ಆ ನಗರಕ್ಕೆ ಬಂದಿಳಿದ ನಟಿಗೆ ಭಾರಿ ಸ್ವಾಗತ ದೊರೆಯುವಷ್ಟು ಜನಪ್ರಿಯವಾಯಿತು. ಮಿತವ್ಯಯವೊಂದೇ ಇದನ್ನು ವಿವರಿಸಲಾರದು. ಬಡ ಹುಡುಗಿ, ಮುಚ್ಚಿಟ್ಟ ಹುಟ್ಟು, ತಡವಾಗಿ ಬರುವ ನ್ಯಾಯ ಇವು ಅನುವಾದದ ಹಂಗಿಲ್ಲದೆ ಅರ್ಥವಾಗುವ ಸಂಗತಿಗಳು.

ಭಾರತದ ನಂಟು ಆರಂಭವಾಗುವುದು ಪೆರುವಿನಿಂದ. ಅಲ್ಲಿಯ ‘ಸಿಂಪ್ಲೆಮೆಂತೆ ಮರಿಯಾ’ದಲ್ಲಿ (1969) ಹಳ್ಳಿಯಿಂದ ಬಂದ ಮನೆಗೆಲಸದ ಹೆಣ್ಣು ಅಕ್ಷರವನ್ನೂ ಹೊಲಿಗೆಯನ್ನೂ ಕಲಿತು ಮೇಲೇರುತ್ತಾಳೆ, ಅದನ್ನು ಕಂಡು ಹೊಲಿಗೆಯಂತ್ರ ಕೊಂಡವರು, ಹೊಲಿಗೆ ಕಲಿಯಹೊರಟವರು ಅನೇಕರು. ಈ ಪರಿಣಾಮವನ್ನು ಅಭ್ಯಸಿಸಿದ ಮೆಕ್ಸಿಕೊದ ಮಿಗೆಲ್ ಸಬಿದೊ, ಮನರಂಜನೆಯೊಳಗೇ ಶಿಕ್ಷಣವನ್ನು ಹೆಣೆಯುವ ವಿಧಾನವೊಂದನ್ನು ರೂಪಿಸಿ, ವಯಸ್ಕರ ಸಾಕ್ಷರತೆಗಾಗಿ ‘ವೆನ್ ಕೊನ್ಮಿಗೊ’ (1975), ಕುಟುಂಬ ಯೋಜನೆಗಾಗಿ ‘ಅಕೊಂಪಾನ್ಯಮೆ’ (1977) ತಯಾರಿಸಿದರು. ಕೇಂದ್ರ ಸಚಿವ ವಸಂತ ಸಾಠೆ ಮೆಕ್ಸಿಕೊಗೆ ಹೋಗಿಬಂದ ಮೇಲೆ ಇದೇ ಮಾದರಿಯಲ್ಲಿ ಮೂಡಿದ್ದು, ಮನೋಹರ ಶ್ಯಾಮ್ ಜೋಶಿ ಬರೆದು 1984ರ ಜುಲೈ 7ರಂದು ದೂರದರ್ಶನದಲ್ಲಿ ಆರಂಭವಾದ ‘ಹಮ್ ಲೋಗ್’. ಕಂತಿನ ಕೊನೆಯಲ್ಲಿ ಅಶೋಕ್ ಕುಮಾರ್ ಬಂದು ನಾಲ್ಕು ಮಾತು ಹೇಳುವ ಕ್ರಮವೂ ಸಬಿದೊ ವಿಧಾನದ್ದೇ.

ಮುಗಿದ ಸರಕನ್ನು ಮಾರುವುದಕ್ಕಿಂತ ಅಚ್ಚನ್ನು ಮಾರುವುದು ಹೆಚ್ಚು ದೂರ ಸಾಗುತ್ತದೆಂಬುದನ್ನು ತೋರಿಸಿದ್ದು ಕೊಲಂಬಿಯ. ಕಥೆಯ ಹಂದರವನ್ನು ಕೊಂಡವರು ತಮ್ಮ ನಟರು, ಭಾಷೆ, ಮನೆವಾರ್ತೆಗಳೊಂದಿಗೆ ಅದನ್ನು ಮರುನಿರ್ಮಿಸಿಕೊಳ್ಳುವ ಈ ವ್ಯವಹಾರಕ್ಕೆ ಫಾರ್ಮ್ಯಾಟ್ ಮಾರಾಟವೆಂದು ಹೆಸರು. ಫೆರ್ನಾಂದೊ ಗೈತಾನ್ ಬರೆದ ‘ಯೊ ಸೊಯ್ ಬೆತ್ತಿ, ಲಾ ಫೆಯಾ’ (1999–2001) ಬೊಗೊಟದ ಉಡುಪಿನ ಕಂಪನಿಯೊಂದರಲ್ಲಿ, ಉನ್ನತ ವ್ಯಾಸಂಗವಿದ್ದರೂ ಚೆಲುವಿಲ್ಲವೆಂಬ ಕಾರಣಕ್ಕೆ ಕಾರ್ಯದರ್ಶಿಯ ಹುದ್ದೆಗೆ ಇಳಿಯಬೇಕಾದ ಯುವತಿಯ ಕಥೆ. ದಪ್ಪ ಕನ್ನಡಕ, ಹಲ್ಲಿನ ತಂತಿಗಳ ಅವಳು 2003ರಲ್ಲಿ ಹಿಂದಿಯಲ್ಲಿ ‘ಜಸ್ಸಿ’ಯಾದಳು, 2005ರಲ್ಲಿ ಜರ್ಮನಿ ಮತ್ತು ರಷ್ಯಗಳಲ್ಲಿ, 2006ರಲ್ಲಿ ಮೆಕ್ಸಿಕೊ ಮತ್ತು ಅಮೆರಿಕಗಳಲ್ಲಿ, 2008ರಲ್ಲಿ ಚೀನದಲ್ಲಿ ಬೇರೆಬೇರೆ ಹೆಸರು ಹೊತ್ತಳು. ಕೊನೆಗೆ ನಾಯಕಿ ಸುಂದರಿಯಾಗಿಬಿಡುವುದು ಕಥೆಯ ತಿರುಳನ್ನೇ ತೆಳುವಾಗಿಸುತ್ತದೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕಚೇರಿಯ ಲೆಕ್ಕಪತ್ರ, ಸಾಲ, ಲಂಚಗಳನ್ನು ಹಾಸ್ಯದೊಂದಿಗೆ ಪ್ರಣಯಕಥೆಯೊಳಗೆ ತಂದ ಗೈತಾನರ ಜಾಣ್ಮೆ ಹಿಂದಿನ ಅಳುಬುರುಕ ಕಥೆಗಳಲ್ಲಿ ವಿರಳ.

ಅಂತರಜಾಲ ವೇದಿಕೆಗಳ ಕಾಲದಲ್ಲಿ ಚಿಕ್ಕ ಸರಣಿಗಳು ಮುಂದೆ ಬಂದಿವೆ. ಸ್ಪೇನಿನ ‘ಲಾ ಕಾಸಾ ದೆ ಪಪೆಲ್’ (2017) ತನ್ನ ದೇಶದ ವಾಹಿನಿಗಿಂತ ನೆಟ್‌ಫ್ಲಿಕ್ಸ್‌ನಲ್ಲಿ ಹೆಚ್ಚು ಹೆಸರು ಮಾಡಿತು. ಗೈತಾನ್ 2019ರಲ್ಲಿ ತೀರಿಕೊಂಡರು. ಅವರ ಬೆತ್ತಿ 2024ರಲ್ಲಿ, ಮೂಲ ನಟಿ ಅನಾ ಮರಿಯಾ ಒರೊಸ್ಕೊ ಅವರೊಂದಿಗೇ, ಪ್ರೈಮ್ ವಿಡಿಯೊದಲ್ಲಿ ಮರಳಿ ಕಾಣಿಸಿಕೊಂಡಳು.